ಬಳಕೆದಾರರ ಯಂತ್ರದಲ್ಲಿ ಸಾಫ್ಟ್‌ವೇರ್‌ಗೆ ಯಾವ ಬೀಗ? ನಕಲು ತಡೆಯುವ ಆಯ್ಕೆಗಳ ಹೋಲಿಕೆ

ಸಾಫ್ಟ್‌ವೇರ್ ಬರೆದು ಮಾರಲು ಹೊರಟವರೆಲ್ಲ ಬಿಡುಗಡೆ ಹತ್ತಿರ ಬಂದಾಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ದುಡ್ಡು ಕೊಡದೆ ಯಾರಾದರೂ ಇದನ್ನು ನಕಲು ಮಾಡಿಕೊಂಡರೆ? ಅಲ್ಲಿಂದ ಹುಡುಕಾಟ ಶುರು. ಲೈಸೆನ್ಸ್ ಕೀ ಸಾಕೇ, ಆನ್‌ಲೈನ್ ಆಕ್ಟಿವೇಶನ್ ಬೇಕೇ, ಯಂತ್ರಕ್ಕೆ ಚುಚ್ಚುವ ಡಾಂಗಲ್ ಕೊಡಬೇಕೇ, ಕೋಡ್ ತಿದ್ದುವುದನ್ನು ತಡೆಯುವ ದುಬಾರಿ ಆ್ಯಂಟಿ-ಟ್ಯಾಂಪರ್ ಕೊಳ್ಳಬೇಕೇ? ಇವನ್ನು ಮಾರುವವರ ಮಾತು ಕೇಳಿದರೆ ಎಲ್ಲವೂ ಉಕ್ಕಿನ ಕೋಟೆಯೇ.

ಡೆಸ್ಕ್‌ಟಾಪ್ ಸಾಫ್ಟ್‌ವೇರ್, ಪ್ಲಗಿನ್ ಅಥವಾ ಆಟ ಮಾರುವ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಯಾವ ಬೀಗ ಎಷ್ಟು ಗಟ್ಟಿ ಎಂದು ಹೋಲಿಸುತ್ತಾ ಕೂತರೆ ದಾರಿ ತಪ್ಪುತ್ತದೆ ಅನ್ನುವುದು ನನ್ನ ವಾದ. ಕೇಳಬೇಕಾದವು ಎರಡೇ ಪ್ರಶ್ನೆ. ಓಡಬೇಕೋ ಬೇಡವೋ ಎಂಬ ತೀರ್ಮಾನ ಯಾರ ಯಂತ್ರದಲ್ಲಿ ಆಗುತ್ತದೆ? ಬೀಗ ಕೈಕೊಟ್ಟ ದಿನ ತೊಂದರೆ ಯಾರಿಗೆ?

ಕಷ್ಟ ಇರುವುದೆಲ್ಲಿ

ಗೂಢಲಿಪಿಯ ಪಾಠಗಳಲ್ಲಿ ಮೂವರು ಇರುತ್ತಾರೆ: ಕಳಿಸುವವರು, ಪಡೆಯುವವರು, ನಡುವೆ ಕದ್ದು ಕೇಳುವವರು. ಕದ್ದು ಕೇಳುವವರ ಬಳಿ ಕೀ ಇಲ್ಲದಿರುವುದರಿಂದಲೇ ಗುಟ್ಟು ಉಳಿಯುತ್ತದೆ. ನಕಲು ತಡೆಯ ವಿಷಯಕ್ಕೆ ಬಂದರೆ ಪಡೆಯುವವರೂ ಕದಿಯಬಹುದಾದವರೂ ಒಬ್ಬರೇ. ಪ್ರೋಗ್ರಾಮನ್ನು ಎಷ್ಟೇ ಎನ್‌ಕ್ರಿಪ್ಟ್ ಮಾಡಿ ಕಳಿಸಿ, ಓಡುವ ಹೊತ್ತಿಗೆ ಅದು ಅವರ ಪ್ರೊಸೆಸರ್‌ಗೆ ಅರ್ಥವಾಗುವ ರೂಪಕ್ಕೆ ಬರಲೇಬೇಕು. ಬಿಚ್ಚುವ ಕೀ ಅವರ ಮೆಮೊರಿಯಲ್ಲಿ ಎಲ್ಲಾದರೂ ಕೂತಿರಲೇಬೇಕು. ಆ ಮೆಮೊರಿ ನೋಡಲು, ಪ್ರೋಗ್ರಾಮನ್ನು ಮಧ್ಯದಲ್ಲಿ ನಿಲ್ಲಿಸಲು, ಗಡಿಯಾರ ಹಿಂದಕ್ಕೆ ತಿರುಗಿಸಲು, ಇಡೀ ಯಂತ್ರವನ್ನೇ ವರ್ಚುವಲ್ ಆಗಿ ನಡೆಸಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಹತ್ತಿರದಿಂದ ನೋಡೋಣ. ಲೈಸೆನ್ಸ್ ಪರೀಕ್ಷಿಸುವ ಕೋಡ್ ಎಷ್ಟೇ ಜಟಿಲವಾಗಿರಲಿ, ಕೊನೆಗೆ ಒಂದು ಕವಲಿಗೆ ಬರುತ್ತದೆ: ಸರಿಯಿದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ 'ಎರಡೂ ಸಮವಿದ್ದರೆ ಜಿಗಿ' ಎನ್ನುವ ಚಿಕ್ಕ ಜಿಗಿತದ ಆದೇಶ ಹೆಕ್ಸ್‌ನಲ್ಲಿ 74 ಎಂಬ ಬೈಟ್‌ನಿಂದ ಶುರುವಾಗುತ್ತದೆ. 'ಸಮವಿಲ್ಲದಿದ್ದರೆ ಜಿಗಿ' ಎನ್ನುವುದಕ್ಕೆ 75. ಫೈಲಿನಲ್ಲಿ ಆ ಒಂದು ಬೈಟ್ ಬದಲಾದರೆ ಕಥೆ ತಲೆಕೆಳಗು. ತಪ್ಪು ಕೀ ಕೊಟ್ಟವರು ಒಳಗೆ, ದುಡ್ಡು ಕೊಟ್ಟು ಸರಿಯಾದ ಕೀ ಪಡೆದವರು ಹೊರಗೆ. ನೀವು ಬಳಸಿದ ಗಣಿತ 2048 ಬಿಟ್‌ನದ್ದೇ ಆಗಿರಲಿ, ಅದರ ಉತ್ತರವನ್ನು ಕೇಳುವ ಜಾಗ ಒಂದು ಬೈಟಿನಷ್ಟೇ ಅಗಲ. ಆ ಜಾಗ ಹುಡುಕುವ ಸಲಕರಣೆಗಳೂ ಈಗ ದುಬಾರಿಯೇನಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತಾನು ಬಳಸುತ್ತಿದ್ದ ಘೀಡ್ರಾ ಎಂಬ ವಿಶ್ಲೇಷಣಾ ಸಾಧನವನ್ನು 2019ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟಿತು.

ಹಾಗಾದರೆ ಕೋಡನ್ನೇ ಯಾರಿಗೂ ಅರ್ಥವಾಗದಂತೆ ಗೋಜಲು ಮಾಡಿದರೆ? ಎಲ್ಲ ಪ್ರೋಗ್ರಾಮ್‌ಗಳಿಗೂ ಹೊಂದುವ, ಒಳಗಿನ ಏನನ್ನೂ ಬಿಟ್ಟುಕೊಡದ ಗೋಜಲು ಯಂತ್ರವೊಂದು ಸಾಧ್ಯವೇ ಇಲ್ಲ ಎಂದು ಕಂಪ್ಯೂಟರ್ ವಿಜ್ಞಾನಿ ಬೋವಾಜ್ ಬರಾಕ್ ಮತ್ತು ಸಂಗಡಿಗರು 2001ರಲ್ಲೇ ಗಣಿತದ ಮೂಲಕ ತೋರಿಸಿದರು. ಗೋಜಲಿನಿಂದ ಪ್ರಯೋಜನವೇ ಇಲ್ಲ ಎಂದೇನೂ ಇದರ ಅರ್ಥವಲ್ಲ; ಓದುವವರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.

ಇನ್ನೊಂದು ಸಂಗತಿ ಇದಕ್ಕಿಂತ ಕಹಿ. ರಕ್ಷಣೆ ಕೊಡುವವರು ಪ್ರತಿ ಯಂತ್ರದಲ್ಲೂ ಗೆಲ್ಲಬೇಕು. ಮುರಿಯುವವರು ಒಂದೇ ಕಡೆ ಗೆದ್ದರೆ ಸಾಕು. ಡಿವಿಡಿಗಳ ಸಿಎಸ್ಎಸ್ ಎನ್‌ಕ್ರಿಪ್ಶನ್ನೇ ಸಾಕ್ಷಿ. ಮೊದಲೇ ಅದರ ಕೀ ಬರೀ 40 ಬಿಟ್‌ನದ್ದು. ಸಾಲದ್ದಕ್ಕೆ ಪರವಾನಗಿ ಪಡೆದ ಪ್ಲೇಯರ್‌ಗಳಲ್ಲೊಂದಾದ ಕ್ಸಿಂಗ್ ತನ್ನ ಕೀಯನ್ನು ಸರಿಯಾಗಿ ಮರೆಮಾಡಿರಲಿಲ್ಲ. 1999ರಲ್ಲಿ ಅದನ್ನು ಬಿಚ್ಚುವ ಡಿಸಿಎಸ್ಎಸ್ ಎಂಬ ಪುಟ್ಟ ಪ್ರೋಗ್ರಾಮ್ ಹೊರಬಂತು, ಆಮೇಲೆ ಆ ಬೀಗವನ್ನು ಯಾರೂ ಮತ್ತೆ ಹಾಕಲಾಗಲಿಲ್ಲ. ಪ್ರಕರಣದಲ್ಲಿ ಹೆಸರು ಕೇಳಿಬಂದ ನಾರ್ವೆಯ ಯೋನ್ ಲೆಕ್ ಯೊಹಾನ್ಸೆನ್ ಅವರನ್ನು ಅಲ್ಲಿನ ನ್ಯಾಯಾಲಯ 2003ರಲ್ಲಿ ಖುಲಾಸೆ ಮಾಡಿತು. ನೂರು ಪ್ಲೇಯರ್‌ಗಳು ಎಚ್ಚರ ವಹಿಸಿ ಒಂದು ಮೈಮರೆತರೂ ಆದದ್ದು ಅಷ್ಟೇ.

ಬಳಕೆದಾರರ ಕೈಲಿರುವ ಯಂತ್ರದಲ್ಲಿ ನೀವು ಕೊಳ್ಳಬಹುದಾದದ್ದು ಸಮಯ ಒಂದೇ. ಎಷ್ಟು ಸಮಯ, ಎಷ್ಟು ಬೆಲೆಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಲೈಸೆನ್ಸ್ ಕೀ: ಹಳೆಯ ಬಗೆ, ಸಹಿಯ ಬಗೆ

ವಿಂಡೋಸ್ 95ರ ಅಂಗಡಿ ಪ್ರತಿಗೆ ಬರುತ್ತಿದ್ದ ಕೀ ನೆನಪಿದೆಯೇ? ಮೂರು ಅಂಕಿ, ಒಂದು ಗೆರೆ, ಆಮೇಲೆ ಏಳು ಅಂಕಿ. ಕೊನೆಯ ಏಳು ಅಂಕಿಗಳ ಮೊತ್ತ ಏಳರಿಂದ ಭಾಗವಾದರೆ ಸಾಕಾಗಿತ್ತು. ಹಾಗಾಗಿ 111-1111111 ಎಂದು ಕುಟ್ಟಿದರೂ ಅದು ಒಪ್ಪಿಕೊಳ್ಳುತ್ತಿತ್ತು. ನಗು ಬರುತ್ತದೆ, ಆದರೆ ಇಂದಿಗೂ ಸಣ್ಣ ಸಾಫ್ಟ್‌ವೇರ್‌ಗಳ ಎಷ್ಟೋ ಕೀಗಳು ಇದರ ಅಣ್ಣತಮ್ಮಂದಿರೇ. ಪರೀಕ್ಷಿಸುವ ಸೂತ್ರ ಪ್ರೋಗ್ರಾಮಿನೊಳಗೇ ಇರುತ್ತದೆ. ಸೂತ್ರ ಓದಿದವರು ಹೊಸ ಕೀಗಳನ್ನು ಹುಟ್ಟಿಸುವ ಕೀಜೆನ್ ಬರೆಯುತ್ತಾರೆ. ಕೀಜೆನ್ ಒಮ್ಮೆ ಹೊರಬಿದ್ದರೆ ಮುಂದಿನ ಆವೃತ್ತಿಗೂ ಅದೇ ನಡೆಯುತ್ತದೆ, ಯಾಕೆಂದರೆ ಹಳೆಯ ಗ್ರಾಹಕರ ಕೀಗಳು ಕೆಲಸ ಮಾಡಲೆಂದು ನೀವು ಸೂತ್ರ ಬದಲಿಸಲಾರಿರಿ.

ಸಹಿಯ ಬಗೆ ಬೇರೆ. ಗ್ರಾಹಕರ ಹೆಸರು, ಕೊಂಡ ದಿನಾಂಕ, ಆವೃತ್ತಿ ಇವನ್ನು ಒಂದು ಪುಟ್ಟ ಫೈಲಿನಲ್ಲಿ ಬರೆದು, ನಿಮ್ಮ ಬಳಿ ಮಾತ್ರ ಇರುವ ಖಾಸಗಿ ಕೀಯಿಂದ ಡಿಜಿಟಲ್ ಸಹಿ ಹಾಕಿ ಕಳಿಸುತ್ತೀರಿ. ಪ್ರೋಗ್ರಾಮಿನೊಳಗೆ ಇರುವುದು ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀ ಮಾತ್ರ. ಅದನ್ನು ನೋಡಿದರೂ ಯಾರೂ ಹೊಸ ಸಹಿ ಹಾಕಲಾರರು, ಕೀಜೆನ್ ಅಲ್ಲಿಗೇ ಮುಗಿಯಿತು. ಉಳಿಯುವುದು ಮೇಲೆ ಹೇಳಿದ ಒಂದು ಬೈಟಿನ ದಾರಿ, ಇಲ್ಲವೇ ಫೈಲಿನಲ್ಲಿರುವ ನಿಮ್ಮ ಸಾರ್ವಜನಿಕ ಕೀ ಅಳಿಸಿ ತಮ್ಮದನ್ನು ಕೂರಿಸುವ ದಾರಿ. ಎರಡಕ್ಕೂ ಪ್ರೋಗ್ರಾಮಿನ ಫೈಲನ್ನೇ ತಿದ್ದಬೇಕು, ಮತ್ತು ಪ್ರತಿ ಹೊಸ ಆವೃತ್ತಿಗೂ ಮೊದಲಿಂದ ತಿದ್ದಬೇಕು. ನೀವು ತಿಂಗಳಿಗೊಮ್ಮೆ ಅಪ್‌ಡೇಟ್ ಕೊಡುವವರಾದರೆ ನಕಲು ಬಳಸುವವರು ಸದಾ ಹಿಂದೆ ಉಳಿಯುತ್ತಾರೆ. ತಿದ್ದಿದ ಫೈಲನ್ನು ಗೊತ್ತಿಲ್ಲದವರಿಂದ ತಂದು ಓಡಿಸುವ ಭಯವೂ ಅವರ ಪಾಲಿಗೇ.

ಪ್ರಾಮಾಣಿಕ ಗ್ರಾಹಕರಿಗೆ ಇದರಿಂದ ತೊಂದರೆ ಹೆಚ್ಚುಕಡಿಮೆ ಇಲ್ಲ. ಇಂಟರ್‌ನೆಟ್ ಬೇಡ, ಸರ್ವರ್ ಬೇಡ, ನೀವು ಅಂಗಡಿ ಮುಚ್ಚಿದರೂ ಫೈಲ್ ಕೆಲಸ ಮಾಡುತ್ತದೆ. ಕೊಂಡವರ ಹೆಸರನ್ನು ಪರದೆಯ ಮೇಲೆ 'ಇವರಿಗೆ ನೀಡಲಾಗಿದೆ' ಎಂದು ತೋರಿಸಿದರೆ ಲೈಸೆನ್ಸ್ ಹಂಚಿಕೊಳ್ಳಲು ಜನ ತುಸು ಹಿಂಜರಿಯುತ್ತಾರೆ, ಆ ಮಟ್ಟಿಗೆ ಅದೂ ಲಾಭವೇ. ಸಣ್ಣ ತಂಡಕ್ಕೆ ನನ್ನ ಮೊದಲ ಸಲಹೆ ಇದೇ. ಖಾಸಗಿ ಕೀ ಮಾತ್ರ ಜೋಪಾನ. ಅದು ಬಿಲ್ಡ್ ಮಾಡುವ, ಅಂದರೆ ಕೋಡಿನಿಂದ ಪ್ರೋಗ್ರಾಮ್ ಕಟ್ಟುವ, ಯಂತ್ರದಲ್ಲಿ ಬಿದ್ದಿರಬಾರದು.

ಆನ್‌ಲೈನ್ ಆಕ್ಟಿವೇಶನ್

ಒಂದು ಲೈಸೆನ್ಸ್ ಎಷ್ಟು ಯಂತ್ರಗಳಲ್ಲಿ ಓಡುತ್ತಿದೆ ಎಂದು ಎಣಿಸಬೇಕಿದ್ದರೆ ಮೇಲಿನದು ಸಾಲದು. ಆಗ ಪ್ರೋಗ್ರಾಮ್ ಮೊದಲ ಸಲ ಓಡುವಾಗ ಯಂತ್ರದ ಗುರುತನ್ನು ಸರ್ವರ್‌ಗೆ ಕಳಿಸುತ್ತದೆ, ಸರ್ವರ್ ಆ ಯಂತ್ರಕ್ಕೆಂದೇ ಸಹಿ ಹಾಕಿದ ಉತ್ತರ ಕೊಡುತ್ತದೆ. ಒಂದೇ ಕಚೇರಿಯ ಹತ್ತು ಜನ ಒಂದು ಕೀ ಹಂಚಿಕೊಳ್ಳುವುದನ್ನು ಇದು ಚೆನ್ನಾಗಿ ತಡೆಯುತ್ತದೆ. ಕ್ರ್ಯಾಕ್ ಮಾಡುವವರನ್ನು, ಅಂದರೆ ಬೀಗ ಮುರಿಯುವವರನ್ನು, ತಡೆಯುವುದರಲ್ಲಿ ಸಹಿಯ ಫೈಲಿಗಿಂತ ಇದು ಹೆಚ್ಚೇನಲ್ಲ, ಯಾಕೆಂದರೆ ಉತ್ತರವನ್ನು ಓದಿ ತೀರ್ಮಾನಿಸುವ ಕವಲು ಇನ್ನೂ ಅವರ ಯಂತ್ರದಲ್ಲೇ ಇದೆ. ಎಷ್ಟೋ ಜನ ಈ ಎರಡು ಕೆಲಸಗಳನ್ನು ಒಂದೇ ಎಂದುಕೊಂಡು ದುಡ್ಡು ಸುರಿಯುತ್ತಾರೆ.

ತಲೆನೋವು ಇರುವುದು 'ಯಂತ್ರದ ಗುರುತು' ಎಂಬ ಮಾತಿನಲ್ಲಿ. ಡಿಸ್ಕಿನ ಸೀರಿಯಲ್, ನೆಟ್‌ವರ್ಕ್ ಕಾರ್ಡಿನ ವಿಳಾಸ, ಮದರ್‌ಬೋರ್ಡ್ ಸಂಖ್ಯೆ ಇವನ್ನೆಲ್ಲ ಕಲಸಿ ಒಂದು ಗುರುತು ಮಾಡುತ್ತೀರಿ. ಗ್ರಾಹಕರು ಹಳೆಯ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕುತ್ತಾರೆ. ಯಂತ್ರ ಅದೇ, ಗುರುತು ಬೇರೆ. ಅತ್ತ ಸಾಫ್ಟ್‌ವೇರಿನಲ್ಲೇ ಕಟ್ಟಿದ ವರ್ಚುವಲ್ ಮಷೀನಿನಲ್ಲಿ ಓಡಿಸುವವರು ಆಕ್ಟಿವೇಟ್ ಆದ ಸ್ಥಿತಿಯ ಇಡೀ ಪ್ರತಿ, ಅಂದರೆ ಸ್ನ್ಯಾಪ್‌ಶಾಟ್, ತೆಗೆದು ಎಷ್ಟು ಬೇಕೋ ಅಷ್ಟು ನಕಲು ಮಾಡಿಕೊಳ್ಳುತ್ತಾರೆ: ಯಂತ್ರಗಳು ಹತ್ತು, ಗುರುತು ಒಂದೇ. ಎರಡೂ ಕಡೆ ಏಟು ತಿನ್ನುವವರು ಕೊಂಡವರು ಮತ್ತು ನೀವು.

ಮಿತಿ ಎಷ್ಟಿರಬೇಕು ಎಂಬುದಕ್ಕೆ 2008ರ ಸ್ಪೋರ್ ಆಟದ ಪ್ರಕರಣ ನೋಡಿ. ಸೆಕ್ಯೂರಾಮ್ ರಕ್ಷಣೆಯೊಂದಿಗೆ ಮೂರೇ ಆಕ್ಟಿವೇಶನ್‌ಗೆ ಅವಕಾಶವಿತ್ತು. ಕೊಂಡವರು ರೊಚ್ಚಿಗೆದ್ದರು, ಮಿತಿಯನ್ನು ಐದಕ್ಕೆ ಏರಿಸಬೇಕಾಯಿತು. ಅಷ್ಟರಲ್ಲಿ ಕ್ರ್ಯಾಕ್ ಆದ ಪ್ರತಿ ಎಲ್ಲೆಡೆ ಹರಡಿತ್ತು, ಮತ್ತು ಅದಕ್ಕೆ ಯಾವ ಮಿತಿಯೂ ಇರಲಿಲ್ಲ. ಆಕ್ಟಿವೇಶನ್ ಬೇಕೇ ಬೇಕು ಅನ್ನುವವರು ಮಿತಿಯನ್ನು ಧಾರಾಳವಾಗಿಡಿ, ಹಳೆಯ ಯಂತ್ರವನ್ನು ಪಟ್ಟಿಯಿಂದ ತೆಗೆಯುವ ಗುಂಡಿಯನ್ನು ಗ್ರಾಹಕರ ಕೈಗೇ ಕೊಡಿ, ನೆಟ್ ಇಲ್ಲದ ಯಂತ್ರಕ್ಕೆ ಫೈಲ್ ಮೂಲಕ ಆಕ್ಟಿವೇಟ್ ಮಾಡುವ ದಾರಿ ಇಡಿ. ಈ ಮೂರಿಲ್ಲದಿದ್ದರೆ ನಿಮ್ಮ ಇನ್‌ಬಾಕ್ಸ್ ತುಂಬ ಅದೇ ದೂರು.

ಸದಾ ಆನ್‌ಲೈನ್: ಬಾಗಿಲು ಕಾಯುವ ಸರ್ವರ್, ಕೆಲಸ ಮಾಡುವ ಸರ್ವರ್

ಒಂದೇ ಹೆಸರಿನಲ್ಲಿ ಕರೆಯುವ ಎರಡು ಬೇರೆಬೇರೆ ಸಂಗತಿ ಇಲ್ಲಿವೆ. ಆರಿಸಿಕೊಳ್ಳುವಾಗ ದೊಡ್ಡ ಎಡವಟ್ಟಾಗುವುದು ಇಲ್ಲೇ.

ಮೊದಲನೆಯದರಲ್ಲಿ ಇಡೀ ಪ್ರೋಗ್ರಾಮ್ ಬಳಕೆದಾರರ ಯಂತ್ರದಲ್ಲೇ ಇದೆ, ಸರ್ವರ್ ಆಗಾಗ 'ಹ್ಞೂಂ, ಓಡು' ಅನ್ನುತ್ತದೆ. ಆಟಗಳ ಪ್ರಕಾಶಕ ಯೂಬಿಸಾಫ್ಟ್ 2010ರಲ್ಲಿ ಅಸ್ಯಾಸಿನ್ಸ್ ಕ್ರೀಡ್ 2ರಂಥ ಆಟಗಳಿಗೆ ಇದನ್ನು ತಂದಿತು. ಒಬ್ಬರೇ ಆಡುವ ಆಟಕ್ಕೂ ನಿರಂತರ ಸಂಪರ್ಕ ಬೇಕಿತ್ತು. ಆ ಮಾರ್ಚ್‌ನಲ್ಲಿ ಸರ್ವರ್‌ಗಳ ಮೇಲೆ ದಾಳಿಯಾಗಿ ಅವು ಕುಸಿದಾಗ ದುಡ್ಡು ಕೊಟ್ಟ ಹಲವರು ಆಟ ತೆರೆಯಲಾಗದೆ ಕೂತರು. 2013ರ ಸಿಮ್‌ಸಿಟಿಯದೂ ಅದೇ ಹಾಡು. ಲೆಕ್ಕಾಚಾರಗಳು ಸರ್ವರ್‌ನಲ್ಲಿ ನಡೆಯುವುದರಿಂದ ಆನ್‌ಲೈನ್ ಅನಿವಾರ್ಯ ಎಂದು ಹೇಳಲಾಗಿತ್ತು; ಸಂಪರ್ಕ ತಪ್ಪಿಸಿದರೂ ಆಟ ನಡೆಯುತ್ತದೆ ಎಂದು ಆಟಗಾರರೇ ತೋರಿಸಿಕೊಟ್ಟರು. ಒಂದು ವರ್ಷದ ಮೇಲೆ, 2014ರಲ್ಲಿ, ಕಂಪನಿಯೇ ಆಫ್‌ಲೈನ್ ಆವೃತ್ತಿ ಕೊಟ್ಟಿತು. ಸರ್ವರ್ ಬರೀ ಹೆಬ್ಬಾಗಿಲಲ್ಲಿ ನಿಂತಿದ್ದರೆ ಗೋಡೆ ಒಡೆದು ಬರುವವರಿಗೆ ಅದು ಕಾಣಿಸುವುದೇ ಇಲ್ಲ.

ಎರಡನೆಯದರಲ್ಲಿ ಕೆಲಸದ ಒಂದು ಭಾಗ ನಿಜಕ್ಕೂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಆ ಕೋಡ್ ಗ್ರಾಹಕರ ಕೈಗೆ ಹೋಗುವುದೇ ಇಲ್ಲ. ಹಲವರು ಕೂಡಿ ಆಡುವ ಆಟದ ಲೋಕ, ಭಾರೀ ಡೇಟಾ ಮೇಲೆ ನಡೆಯುವ ಹುಡುಕಾಟ, ತಂಡದವರೆಲ್ಲ ಒಟ್ಟಿಗೆ ತಿದ್ದುವ ಕಡತ ಎಲ್ಲವೂ ಈ ಬಗೆಯವು. ಕೈಯಲ್ಲಿಲ್ಲದ ಕೋಡನ್ನು ಪ್ಯಾಚ್ ಮಾಡಲು, ಅಂದರೆ ತಿದ್ದಲು, ಆಗದು. ಈ ಬರಹದಲ್ಲಿ 'ಸಮಯ ಕೊಳ್ಳುವುದು' ಎಂಬ ಮಾತಿಗೆ ಹೊರತಾದ ಆಯ್ಕೆ ಇದೊಂದೇ. ಹಾಗೆಂದು ಅಭೇದ್ಯವೂ ಅಲ್ಲ. ಸರ್ವರ್ ಏನು ಕೇಳುತ್ತದೆ, ಏನು ಹೇಳುತ್ತದೆ ಎಂದು ನೋಡಿ ಅದರಂತೆಯೇ ನಡೆಯುವ ಬದಲಿ ಸರ್ವರ್ ಬರೆದವರಿದ್ದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಹಳೆಯ ರೂಪವನ್ನು ನಡೆಸುತ್ತಿದ್ದ ನೊಸ್ಟಾಲ್ರಿಯಸ್ ಎಂಬ ಅನಧಿಕೃತ ಸರ್ವರ್ 2016ರಲ್ಲಿ ಕಾನೂನಿನ ಬೆದರಿಕೆಯಿಂದ ಮುಚ್ಚಿತು. ಅದರಲ್ಲಿ ನೆರೆದಿದ್ದ ಜನರನ್ನು ನೋಡಿದ ಮೇಲೆ ಆಟದ ಕಂಪನಿ ಬ್ಲಿಝಾರ್ಡ್ 2019ರಲ್ಲಿ ತಾನೇ ಅಧಿಕೃತವಾಗಿ ಹಳೆಯ ಆವೃತ್ತಿ ಬಿಟ್ಟಿತು. ಸರ್ವರ್ ಮಾಡುವ ಕೆಲಸ ಎಷ್ಟು ಆಳವಾಗಿದೆಯೋ ಬದಲಿ ಬರೆಯುವುದು ಅಷ್ಟು ಕಷ್ಟ.

ಪರೀಕ್ಷೆ ಸುಲಭ. ಸರ್ವರ್ ಇಲ್ಲದಿದ್ದರೆ ಗ್ರಾಹಕರು ನಿಜವಾಗಿ ಏನನ್ನು ಕಳೆದುಕೊಳ್ಳುತ್ತಾರೆ? 'ಅನುಮತಿ' ಎನ್ನುವುದೊಂದೇ ಉತ್ತರವಾದರೆ ಅದು ಮೊದಲ ಬಗೆ, ಬಿಟ್ಟುಬಿಡಿ. ಇಷ್ಟೇ ಕಾರಣಕ್ಕೆ ಯಂತ್ರದಲ್ಲಿ ಚೆನ್ನಾಗಿ ನಡೆಯುವ ಕೆಲಸವನ್ನು ಎಳೆದು ಸರ್ವರ್‌ಗೆ ಹಾಕಿದರೆ ನೆಟ್ ನಿಧಾನವಾದಾಗಲೆಲ್ಲ ಬೈಗುಳ ನಿಮಗೆ, ಸರ್ವರ್ ಖರ್ಚೂ ನಿಮಗೆ. ಮೂಗಿಗಿಂತ ಮೂಗುತಿ ಭಾರ.

ಡಾಂಗಲ್

ಯುಎಸ್‌ಬಿಗೆ ಚುಚ್ಚುವ ಈ ಕಡ್ಡಿಗೆ ದೊಡ್ಡ ಇತಿಹಾಸವಿದೆ. ಮೊದಮೊದಲು ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಹೊಂದುವಂಥವು ಬರುತ್ತಿದ್ದವು. ಲಕ್ಷಾಂತರ ಬೆಲೆಯ ಇಂಜಿನಿಯರಿಂಗ್ ಸಾಫ್ಟ್‌ವೇರ್, ಕಾರ್ಖಾನೆಯ ಯಂತ್ರ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಇದೆ. ಪ್ರೋಗ್ರಾಮ್ ಬರೀ 'ಡಾಂಗಲ್ ಇದೆಯೇ?' ಎಂದು ಕೇಳಿದರೆ ಅದು ಮತ್ತೆ ಒಂದು ಬೈಟಿನ ಕಥೆ. ಪ್ರೋಗ್ರಾಮಿನ ಮುಖ್ಯ ಲೆಕ್ಕಗಳಲ್ಲೊಂದು ಡಾಂಗಲ್ಲಿನ ಚಿಪ್ಪಿನೊಳಗೇ ನಡೆಯುವಂತೆ ಮಾಡಿದರೆ ಅದು ಕೆಲಸ ಮಾಡುವ ಸರ್ವರನ್ನೇ ಗ್ರಾಹಕರ ಮೇಜಿನ ಮೇಲಿಟ್ಟಂತೆ, ಆಗ ಅದಕ್ಕೊಂದು ಅರ್ಥ. ಆದರೆ ಆ ಮಟ್ಟಕ್ಕೆ ಕಷ್ಟಪಟ್ಟು ಹೆಣೆಯುವವರು ಕಡಿಮೆ.

ಕಳೆದುಹೋಗುತ್ತದೆ, ಮುರಿಯುತ್ತದೆ, ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಡ್ರೈವರ್ ಸಿಗುವುದಿಲ್ಲ. ನಕಲು ತಡೆ ಮುರಿಯುವುದನ್ನು ನಿಷೇಧಿಸುವ ಅಮೆರಿಕದ 1998ರ ಡಿಎಂಸಿಎ ಕಾನೂನಿಗೆ 2003ರಲ್ಲಿ ಕೊಟ್ಟ ವಿನಾಯಿತಿಗಳಲ್ಲಿ ಒಂದು ಕೆಟ್ಟುಹೋದ, ಬದಲಿ ಸಿಗದ ಡಾಂಗಲ್‌ಗಳ ಕುರಿತಾದದ್ದೇ. ದಶಕಗಳ ಕಾಲ ಡಾಂಗಲ್ ನೆಚ್ಚಿಕೊಂಡಿದ್ದ ಸಂಗೀತ ಸಾಫ್ಟ್‌ವೇರ್ ಕ್ಯೂಬೇಸ್ ಕೂಡ 2022ರ ತನ್ನ 12ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟಿತು. ಪ್ರತಿ ಪ್ರತಿಯ ಬೆಲೆ ಬಹಳ ಹೆಚ್ಚು, ಗ್ರಾಹಕರು ಕೆಲವೇ ನೂರು, ಯಂತ್ರಗಳು ನೆಟ್‌ನಿಂದ ದೂರ: ಇವು ಮೂರೂ ಸೇರಿದರೆ ಮಾತ್ರ ಡಾಂಗಲ್ ಯೋಚಿಸಿ.

ಆ್ಯಂಟಿ-ಟ್ಯಾಂಪರ್

ಚಾಪೆ ಕೆಳಗೆ ತೂರುವವರಿಗೂ ರಂಗೋಲಿ ಕೆಳಗೆ ತೂರುವವರಿಗೂ ನಡೆಯುವ ಆಟ ಇದು. ಕೋಡನ್ನು ಗೋಜಲು ಮಾಡುವುದು, ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ನೋಡುವ ಡೀಬಗರ್ ಇದೆಯೇ ಎಂದು ಪತ್ತೆಹಚ್ಚುವುದು, ಫೈಲ್ ತಿದ್ದಿದ್ದಾರೆಯೇ ಎಂದು ನೂರು ಕಡೆಯಿಂದ ಚೆಕ್‌ಸಮ್ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕಿದ ತಾಳೆ ಸಂಖ್ಯೆ) ನೋಡುವುದು, ತಾನೇ ಕಟ್ಟಿದ ವಿಚಿತ್ರ ವರ್ಚುವಲ್ ಪ್ರೊಸೆಸರಿನ ಭಾಷೆಗೆ ಕೋಡನ್ನು ಬದಲಿಸುವುದು.

ಇಲ್ಲಿ ನನಗೆ ಇಷ್ಟವಾದ ಉದಾಹರಣೆ 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ಮೂರನೇ ಸ್ಪೈರೋ ಆಟ. ಅದನ್ನು ಕಟ್ಟಿದವರು ತಡೆಯಲಾಗದು ಎಂದು ಒಪ್ಪಿಕೊಂಡೇ ಕೆಲಸಕ್ಕಿಳಿದರು. ಒಂದರ ಮೇಲೊಂದು ಚೆಕ್‌ಸಮ್ ಹೆಣೆದರು. ತಿದ್ದಿದ ಪ್ರತಿ ಎಂದು ಗೊತ್ತಾದ ಕೂಡಲೇ ಆಟ ನಿಲ್ಲುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ, ಎಲ್ಲೋ ಏನೋ ವಿಚಿತ್ರವಾಗಿ ಕೆಡುತ್ತಿತ್ತು. ಮುರಿಯುವವರು ತಮ್ಮ ಕೆಲಸ ಮುಗಿಯಿತೋ ಇಲ್ಲವೋ ತಿಳಿಯಲು ಇಡೀ ಆಟ ಆಡಿ ನೋಡಬೇಕಿತ್ತು. ವಾರದೊಳಗೆ ಮುರಿಯುತ್ತಿದ್ದ ಕಾಲದಲ್ಲಿ ಅವರು ಎರಡು ತಿಂಗಳಿಗೂ ಹೆಚ್ಚು ಗಳಿಸಿದರು. ಆಟಗಳ ಮಾರಾಟದಲ್ಲಿ ದೊಡ್ಡ ಪಾಲು ಮೊದಲ ವಾರಗಳಲ್ಲೇ ಆಗುವುದರಿಂದ ಅದು ಗೆಲುವೇ.

ಡೆನುವೊದಂಥ ಇಂದಿನ ಸೇವೆಗಳೂ ಮಾರುವುದು ಈ ವಾರಗಳನ್ನೇ. ಹಲವು ಪ್ರಕಾಶಕರು ಕೆಲವು ತಿಂಗಳ ಮೇಲೆ ಅದನ್ನು ತಾವೇ ತೆಗೆದುಹಾಕುತ್ತಾರೆ, ಅದು ಸರಿಯಾದ ಬಳಕೆ. ಬೆಲೆ ತೆರುವವರು ಯಾರು ಎಂಬುದಕ್ಕೆ 2021ರ ರೆಸಿಡೆಂಟ್ ಈವಿಲ್ ವಿಲೇಜ್ ನೋಡಿ. ಪಿಸಿ ಆವೃತ್ತಿಯಲ್ಲಿ ಶತ್ರುಗಳ ಮೇಲೆ ಗುಂಡು ಹಾರಿಸಿದಾಗ ಆಟ ತಡವರಿಸುತ್ತಿತ್ತು. ಕ್ರ್ಯಾಕ್ ಆದ ಪ್ರತಿ ನಯವಾಗಿ ಓಡುತ್ತಿತ್ತು. ಆಟಗಳ ವೇಗ ಅಳೆಯುವ ಡಿಜಿಟಲ್ ಫೌಂಡ್ರಿ ತಾಣ ಅಳೆದು ನೋಡಿ ಇದನ್ನು ದೃಢಪಡಿಸಿತು. ಆಟ ಮಾಡಿದ ಕ್ಯಾಪ್‌ಕಾಮ್ ಜುಲೈನಲ್ಲಿ ತನ್ನ ನಕಲು ತಡೆಯ ಕೋಡನ್ನು ಹಗುರ ಮಾಡುವ ಪ್ಯಾಚ್ ಕೊಟ್ಟಿತು. ಕದ್ದವರಿಗೆ ಒಳ್ಳೆಯ ಮಾಲು, ಕೊಂಡವರಿಗೆ ಕಳಪೆ ಮಾಲು.

ಕರ್ನಲ್ ಮಟ್ಟದ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲೇ ಕೂರುವ, ಡ್ರೈವರ್ ಹಾಕುವ ರಕ್ಷಣೆಯ ಹತ್ತಿರವೂ ಸುಳಿಯಬೇಡಿ. ಡಿಸ್ಕ್‌ಗಳ ನಕಲು ತಡೆಯಾದ ಸೇಫ್‌ಡಿಸ್ಕ್‌ನ ಡ್ರೈವರಿನಲ್ಲಿದ್ದ ದೋಷದಿಂದ ಸಾಮಾನ್ಯ ಬಳಕೆದಾರರ ಖಾತೆ ಇಡೀ ಯಂತ್ರದ ಹಿಡಿತ ಪಡೆಯಬಹುದಿತ್ತು. ಮೈಕ್ರೋಸಾಫ್ಟ್ 2007ರಲ್ಲಿ ಅದನ್ನು ಮುಚ್ಚಬೇಕಾಯಿತು. 2015ರ ವಿಂಡೋಸ್ 10 ಆ ಡ್ರೈವರನ್ನು ಒಳಗೇ ಬಿಡಲಿಲ್ಲ, ಹಾಗಾಗಿ ಕೊಂಡ ಹಳೆಯ ಡಿಸ್ಕ್‌ಗಳು ಹಾಗೇ ಓಡುವುದು ನಿಂತಿತು. ಸೋನಿ ಬಿಎಂಜಿಯ ಸಂಗೀತ ಸಿಡಿಗಳದ್ದು ಇನ್ನೂ ಕೆಟ್ಟ ಕಥೆ: ಕಂಪ್ಯೂಟರಿಗೆ ಸಿಡಿ ಹಾಕಿದರೆ ತನ್ನ ಫೈಲುಗಳನ್ನು ಸಿಸ್ಟಮ್‌ನಿಂದಲೇ ಮರೆಮಾಡುವ ರೂಟ್‌ಕಿಟ್ ಕೂರುತ್ತಿತ್ತು. ವಿಂಡೋಸ್ ತಜ್ಞ ಮಾರ್ಕ್ ರುಸ್ಸಿನೋವಿಚ್ 2005ರಲ್ಲಿ ಇದನ್ನು ಬಯಲು ಮಾಡಿದರು. ಅದೇ ಮರೆಯನ್ನು ವೈರಸ್ ಬರೆಯುವವರೂ ಬಳಸಿಕೊಂಡರು. ಕಂಪನಿ ಸಿಡಿಗಳನ್ನು ಹಿಂದಕ್ಕೆ ಕರೆಸಿತು, ಮೊಕದ್ದಮೆಗಳನ್ನು ಎದುರಿಸಿತು.

ಹಾರ್ಡ್‌ವೇರಿನಲ್ಲೇ ಗುಟ್ಟು

'ಯಂತ್ರ ಬಳಕೆದಾರರದ್ದು ಎನ್ನುವುದೇ ಸಮಸ್ಯೆಯಾದರೆ ಯಂತ್ರದೊಳಗೆ ನಮ್ಮದೇ ಒಂದು ಕೋಣೆ ಇರಲಿ' ಎನ್ನುವ ದಾರಿ ಇದು. ಸಣ್ಣ ತಂಡ ತಾನಾಗಿ ಆರಿಸಿಕೊಳ್ಳುವಂಥದ್ದಲ್ಲ, ಚಿಪ್ ಮಾಡುವವರ ಮರ್ಜಿಯಲ್ಲಿರುವಂಥದ್ದು. ಆದರೂ ಅದರ ಚರಿತ್ರೆ ನೋಡಿದರೆ ಉಳಿದ ಆಯ್ಕೆಗಳ ಬಗ್ಗೆ ಭ್ರಮೆ ಇಳಿಯುತ್ತದೆ.

ಮೈಕ್ರೋಸಾಫ್ಟ್‌ನ ಮೊದಲ ಎಕ್ಸ್‌ಬಾಕ್ಸ್ ತನ್ನ ಗುಟ್ಟಿನ ಕೋಡನ್ನು ಚಿಪ್ಪಿನೊಳಗಿನ 512 ಬೈಟ್‌ಗಳ, ತಿದ್ದಲಾಗದ ರಾಮ್ (ROM) ಮೆಮೊರಿಯಲ್ಲಿ ಅಡಗಿಸಿತ್ತು. ಆಗ ಎಂಐಟಿಯಲ್ಲಿದ್ದ ಆಂಡ್ರ್ಯೂ ಹುವಾಂಗ್ 2002ರಲ್ಲಿ ಎರಡು ಚಿಪ್‌ಗಳ ನಡುವಿನ ತಂತಿಗಳಿಗೆ ತಾನೇ ಮಾಡಿದ ಬೋರ್ಡ್ ಹಚ್ಚಿ, ಹರಿಯುತ್ತಿದ್ದ ಬಿಟ್‌ಗಳನ್ನು ಓದಿ ಕೀ ಹೊರತೆಗೆದರು. ಪ್ಲೇಸ್ಟೇಷನ್ 3 ವರ್ಷಗಟ್ಟಲೆ ತಡೆದುಕೊಂಡಿತು. 2010ರ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಹ್ಯಾಕರ್ ಸಮ್ಮೇಳನದಲ್ಲಿ ಫೇಲ್‌ಓವರ್‌ಫ್ಲೋ ಎಂಬ ಹ್ಯಾಕರ್ ತಂಡ ತೋರಿಸಿದ್ದೇನೆಂದರೆ, ಪ್ರತಿ ಡಿಜಿಟಲ್ ಸಹಿಗೂ ಹೊಸದಾಗಿ ಹುಟ್ಟಬೇಕಿದ್ದ ಯಾದೃಚ್ಛಿಕ ಸಂಖ್ಯೆ ಪ್ರತಿ ಸಲವೂ ಅದೇ ಆಗಿತ್ತು. ಹಾಗಿದ್ದರೆ ಎರಡು ಸಹಿಗಳಿಂದ ಖಾಸಗಿ ಕೀ ಲೆಕ್ಕಹಾಕುವುದು ಶಾಲೆಯ ಬೀಜಗಣಿತ. ನಿಂಟೆಂಡೊ ಸ್ವಿಚ್‌ನಲ್ಲಿ 2018ರಲ್ಲಿ ಸಿಕ್ಕ ದೋಷ ಯಂತ್ರ ಶುರುವಾಗುವಾಗ ಓಡುವ ಕೋಡಿರುವ, ಚಿಪ್ಪಿನ ಬೂಟ್ ರಾಮ್‌ನಲ್ಲೇ (ROM) ಇತ್ತು, ಮಾರಿದ ಯಂತ್ರಗಳಲ್ಲಿ ಅಪ್‌ಡೇಟ್‌ನಿಂದ ಸರಿಪಡಿಸುವಂತಿರಲಿಲ್ಲ.

ಪಿಸಿಗಳ ಕಡೆ ಇಂಟೆಲ್‌ನ ಎಸ್‌ಜಿಎಕ್ಸ್ ಇಂಥದ್ದೇ ಕೋಣೆ. 2018ರ ಫೋರ್‌ಶಾಡೋ ದಾಳಿ ಅದರೊಳಗಿನ ಗುಟ್ಟುಗಳನ್ನು ಹೊರಗೆಳೆಯಿತು. 11ನೇ ಪೀಳಿಗೆಯ ಹೊತ್ತಿಗೆ ಇಂಟೆಲ್ ತನ್ನ ಸಾಮಾನ್ಯ ಪಿಸಿ ಪ್ರೊಸೆಸರ್‌ಗಳಿಂದ ಅದನ್ನು ಕೈಬಿಡತೊಡಗಿತು. ಪಿಸಿಯಲ್ಲಿ 4ಕೆ ಬ್ಲೂ-ರೇ ಡಿಸ್ಕ್ ನೋಡಲು ಎಸ್‌ಜಿಎಕ್ಸ್ ಕಡ್ಡಾಯವಾಗಿತ್ತು. ಅಲ್ಲಿಗೆ ಹೊಸ ಕಂಪ್ಯೂಟರ್ ಕೊಂಡವರು ತಾವೇ ದುಡ್ಡು ಕೊಟ್ಟು ಕೊಂಡ ಡಿಸ್ಕ್ ಅಧಿಕೃತವಾಗಿ ನೋಡಲಾಗದ ಸ್ಥಿತಿ ಬಂತು.

ಬೀಗವೇ ಇಲ್ಲದಿರುವುದು

ಇದನ್ನೂ ಒಂದು ಆಯ್ಕೆಯಾಗಿ ಗಂಭೀರವಾಗಿ ತೂಗಬೇಕು. ಜಿಒಜಿ ಎಂಬ ಆಟಗಳ ಅಂಗಡಿ 2008ರಿಂದ ಡಿಆರ್‌ಎಂ, ಅಂದರೆ ನಕಲು ತಡೆಯ ಬೀಗ, ಇಲ್ಲದ ಆಟಗಳನ್ನೇ ಮಾರುತ್ತಿದೆ. ಐಟ್ಯೂನ್ಸ್ 2009ರಲ್ಲಿ ಹಾಡುಗಳ ಬೀಗ ತೆಗೆಯಿತು, ಹಾಡು ಮಾರುವುದೇನೂ ನಿಲ್ಲಲಿಲ್ಲ. ಫೈಲ್ ಕುಗ್ಗಿಸುವ ವಿನ್‌ರಾರ್‌ನ 40 ದಿನಗಳ ಪರೀಕ್ಷಾ ಅವಧಿ ಮುಗಿದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ, 'ಕೊಳ್ಳಿ' ಎಂದು ಸೌಜನ್ಯದಿಂದ ನೆನಪಿಸುತ್ತದೆ. ಲೈಸೆನ್ಸ್ ಲೆಕ್ಕ ಕೊಡಬೇಕಾದ ಕಂಪನಿಗಳು ಹೇಗೂ ಕೊಳ್ಳುತ್ತವೆ. ಆಟಗಳ ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ ಡಿಆರ್‌ಎಂ ಹೊದಿಕೆಯ ಬಗ್ಗೆ ಡೆವಲಪರ್‌ಗಳಿಗೆ ಕೊಟ್ಟ ಮಾಹಿತಿಯಲ್ಲೇ, ಅದು ತಾನೊಂದೇ ಪೈರಸಿಗೆ ಪರಿಹಾರವಲ್ಲ ಎಂದು ಬರೆದಿದೆ. ಅಪ್‌ಡೇಟ್, ಕ್ಲೌಡ್ ಸೇವ್, ಗೆಳೆಯರ ಪಟ್ಟಿ ಇವನ್ನು ಬಿಟ್ಟು ನಕಲಿಗೆ ಹೋಗಲು ಜನಕ್ಕೆ ಬೇಸರ, ಅವರ ವ್ಯಾಪಾರ ನಿಂತಿರುವುದು ಅದರ ಮೇಲೆ.

ಬಿಡುಗಡೆಗೆ ಮುಂಚಿನ ಪ್ರತಿಗಳು ಸೋರುವ ಭಯವಿದ್ದರೆ ವಾಟರ್‌ಮಾರ್ಕ್ ಸಾಕು. ಪ್ರತಿಯೊಬ್ಬರಿಗೂ ಕಣ್ಣಿಗೆ ಕಾಣದ ಗುರುತಿರುವ ಬೇರೆ ಬೇರೆ ಬಿಲ್ಡ್ ಕೊಟ್ಟರೆ ಸೋರಿದ್ದು ಎಲ್ಲಿಂದ ಎಂದು ತಿಳಿಯುತ್ತದೆ. ಸಾವಿರಾರು ಗ್ರಾಹಕರ ಮಟ್ಟಕ್ಕೆ ಇದನ್ನು ಎಳೆಯುವುದು ವ್ಯರ್ಥ ಶ್ರಮ.

ಹಾಗಾದರೆ ನಿಮಗೆ ಯಾವುದು

ಕಚೇರಿಗಳಿಗೆ ಮಾರುವ ಸಾಫ್ಟ್‌ವೇರ್ ಆದರೆ ಸಹಿಯ ಲೈಸೆನ್ಸ್ ಫೈಲ್, ಅದರ ಮೇಲೆ ಧಾರಾಳ ಮಿತಿಯ ಆಕ್ಟಿವೇಶನ್. ನಿಮ್ಮ ನಷ್ಟದ ಮುಖ್ಯ ಮೂಲ ಕ್ರ್ಯಾಕರ್‌ಗಳಲ್ಲ, ಐದು ಸೀಟು ಕೊಂಡು ಐವತ್ತರಲ್ಲಿ ಹಾಕುವ ಅಭ್ಯಾಸ. ಒಬ್ಬೊಬ್ಬರೇ ಕೊಳ್ಳುವ ಉಪಕರಣ ಅಥವಾ ಪ್ಲಗಿನ್ ಆದರೆ ಸಹಿಯ ಫೈಲ್ ಒಂದೇ ಸಾಕು. ಮಿಕ್ಕ ಶ್ರಮವನ್ನು ಅಪ್‌ಡೇಟ್‌ಗಳಿಗೆ ಹಾಕಿ. ಕಥೆಯಾಧಾರಿತ ಆಟಕ್ಕೆ ದೊಡ್ಡ ಪ್ರಚಾರ, ದೊಡ್ಡ ಮೊದಲ ವಾರ ಇದ್ದರೆ ಮಾತ್ರ ಆ್ಯಂಟಿ-ಟ್ಯಾಂಪರ್‌ನ ಲೆಕ್ಕ ಹಾಕಿ, ಮತ್ತು ತೆಗೆಯುವ ದಿನವನ್ನು ಕೊಳ್ಳುವ ದಿನವೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಸಣ್ಣ ಆಟಕ್ಕೆ ಬೀಗ ಬೇಡ. ಅದರ ದೊಡ್ಡ ಶತ್ರು ಅದು ಇದೆ ಎಂದೇ ಯಾರಿಗೂ ಗೊತ್ತಿಲ್ಲದಿರುವುದು.

ಚಂದಾ ಬಗೆ ಯೋಚಿಸುವವರಿಗೆ, ಪ್ರೋಗ್ರಾಮರ್‌ಗಳ ಉಪಕರಣ ಮಾಡುವ ಜೆಟ್‌ಬ್ರೇನ್ಸ್ 2015ರಲ್ಲಿ ಗ್ರಾಹಕರ ಪ್ರತಿಭಟನೆಯ ನಂತರ ಒಪ್ಪಿದ ಏರ್ಪಾಡು ಗಮನಿಸತಕ್ಕದ್ದು: ಹನ್ನೆರಡು ತಿಂಗಳು ಚಂದಾ ಕಟ್ಟಿದವರು ನಿಲ್ಲಿಸಿದರೂ ಒಂದು ಆವೃತ್ತಿ ಶಾಶ್ವತವಾಗಿ ಅವರದ್ದೇ. ಆದಾಯವೂ ಬರುತ್ತದೆ, ಕೊಂಡವರ ಕೈ ಖಾಲಿಯೂ ಆಗುವುದಿಲ್ಲ.

ಯಾವುದನ್ನೇ ಆರಿಸಿ, ಸರ್ವರ್ ಒಂದಿದ್ದರೆ ಅದನ್ನು ನಿಲ್ಲಿಸುವ ದಿನದ ಯೋಜನೆಯನ್ನು ಈಗಲೇ ಬರೆದಿಡಿ. 2014ರಲ್ಲಿ ಮಾರಾಟಕ್ಕೆ ಬಂದ ದಿ ಕ್ರೂ ಆಟದ ಸರ್ವರ್‌ಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು, ಕೊಂಡವರ ಕೈಯಲ್ಲಿ ಆಡಲು ಏನೂ ಉಳಿಯಲಿಲ್ಲ. ಅದರ ಬೆನ್ನಿಗೇ, ಮಾರಿದ ಆಟಗಳನ್ನು ಹೀಗೆ ಸಾಯಿಸಬೇಡಿ ಎನ್ನುವ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಹುಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾ, ಗ್ರಾಹಕರಿಗೆ ಸಿಗುವುದು ಲೈಸೆನ್ಸ್ ಮಾತ್ರವಾಗಿದ್ದು ಅದನ್ನು ಹಿಂಪಡೆಯಲು ಸಾಧ್ಯವಿರುವಾಗ ಆ ವಿಷಯ ತಿಳಿಸದೆ 'ಕೊಳ್ಳಿ' ಎಂದು ಜಾಹೀರಾತು ಮಾಡಬಾರದು ಎಂಬ ಕಾನೂನು ತಂದಿತು. ಅಡೋಬಿ ತನ್ನ ಸಿಎಸ್‌2 ಎಂಬ ಹಳೆಯ ಸಾಫ್ಟ್‌ವೇರ್ ಕಟ್ಟಿನ ಆಕ್ಟಿವೇಶನ್ ಸರ್ವರ್ ನಿಲ್ಲಿಸಿದಾಗ, 2013ರ ಜನವರಿಯ ಹೊತ್ತಿಗೆ, ಆಕ್ಟಿವೇಶನ್ ಬೇಡದ ಪ್ರತಿಯನ್ನು ಸೀರಿಯಲ್ ಸಮೇತ ಡೌನ್‌ಲೋಡ್‌ಗೆ ಇಟ್ಟಿತ್ತು. ಅಡೋಬಿ ಉಚಿತವಾಗಿ ಹಂಚುತ್ತಿದೆ ಎಂದುಕೊಂಡು ಜನ ಮುಗಿಬಿದ್ದರು, ಅದು ಹಳೆಯ ಗ್ರಾಹಕರಿಗೆ ಮಾತ್ರ ಎಂದು ಕಂಪನಿ ಸ್ಪಷ್ಟನೆ ಕೊಡಬೇಕಾಯಿತು. ಗಲಿಬಿಲಿ ಏನೇ ಆಗಿರಲಿ, ಕೊಂಡವರ ಸಾಫ್ಟ್‌ವೇರ್ ಓಡುತ್ತಲೇ ಇತ್ತು. ಪರೀಕ್ಷೆಯ ಕೋಡ್ ಇಲ್ಲದ ಅಂಥ ಒಂದು ಬಿಲ್ಡನ್ನು ಪ್ರತಿ ಬಿಡುಗಡೆಯ ಜೊತೆಗೇ ಮಾಡಿ ಎತ್ತಿಡಲು ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗೆ ಬೇಕಾಗುವುದು ಒಂದೆರಡು ಸಾಲು ಮಾತ್ರ.